ಹುಳು ತಿನ್ನದವರು ಯಾರು?

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಅಕ್ಕಿ ಕೊಳ್ಳುವವರನ್ನು ಒಂದು ಗಳಿಗೆ ನಿಂತು ನೋಡಬೇಕು. ಚೀಲದೊಳಕ್ಕೆ ಕೈ ಇಳಿಸಿ ಒಂದು ಹಿಡಿ ಮೇಲೆತ್ತುತ್ತಾರೆ. ಅಂಗೈಯಲ್ಲಿ ಹರಡಿ ಬೆಳಕಿಗೆ ಹಿಡಿಯುತ್ತಾರೆ, ಮೂಸುತ್ತಾರೆ, ಒಂದು ಕಾಳನ್ನು ಬಾಯಿಗೆ ಹಾಕಿಕೊಂಡು ಹಲ್ಲಿನಲ್ಲಿ ಕಡಿಯುತ್ತಾರೆ. ಆ ಅಕ್ಕಿಯ ನಡುವೆ ಕಪ್ಪಗೆ ಏನಾದರೂ ಹರಿದಾಡಿತೋ, ವ್ಯಾಪಾರ ಅಲ್ಲಿಗೆ ಮುಗಿಯಿತು. ‘ಹುಳ ಬಿದ್ದಿದೆ’ ಎಂಬ ಎರಡು ಮಾತಿನ ಮುಂದೆ ಅಂಗಡಿಯವನ ಯಾವ ಮಾತೂ ನಿಲ್ಲುವುದಿಲ್ಲ.

ಇದೇ ಊರಿನಿಂದ ತುಂಗೆಯ ಗುಂಟ ಪಡುವಣಕ್ಕೆ ಹೊರಟರೆ ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿ ತೀರ್ಥಹಳ್ಳಿಯ ಕಡೆಗೆ ದಾರಿ ಹೋಗುತ್ತದೆ. ಆ ದಾರಿಯ ಆಚೀಚಿನ ಹಲವು ಹಳ್ಳಿಗಳಲ್ಲಿ ಮಾವಿನ ಮರ ಹತ್ತಿ, ಕಚ್ಚಿಸಿಕೊಂಡು, ಕೆಂಪಿರುವೆಯ ಗೂಡನ್ನೇ ಕಿತ್ತು ತಂದು ಚಟ್ನಿ ಅರೆಯುತ್ತಾರೆ. ಅದು ಚಗಳಿ ಚಟ್ನಿ. ಒಂದು ಕಡೆ ಅಕ್ಕಿಯಲ್ಲಿ ಹುಳು ಕಂಡರೆ ಮುಖ ಸಿಂಡರಿಸುವ ಪೇಟೆ, ಇನ್ನೊಂದು ಕಡೆ ಇರುವೆಯನ್ನು ಹುಡುಕಿಕೊಂಡು ಹೋಗುವ ಹಳ್ಳಿ. ಎರಡೂ ಒಂದೇ ಜಿಲ್ಲೆಯಲ್ಲಿವೆ, ಎರಡು ಕಡೆಯವರೂ ಒಂದೇ ಬಸ್ಸಿನಲ್ಲಿ ಓಡಾಡುತ್ತಾರೆ. ಇವರಲ್ಲಿ ಹುಳು ತಿನ್ನುವವರು ಯಾರು, ತಿನ್ನದವರು ಯಾರು? ಉತ್ತರ ತೋರುವಷ್ಟು ಸುಲಭವಲ್ಲ.

ಕಾಳಿನೊಳಗೊಂದು ತೊಟ್ಟಿಲು

ಮೊದಲು ಅಕ್ಕಿಯನ್ನೇ ತೆಗೆದುಕೊಳ್ಳೋಣ. ಹಳೆಯ ಅಕ್ಕಿಯಲ್ಲಿ ಕಾಣಿಸಿಕೊಳ್ಳುವ, ಮೂತಿ ಉದ್ದವಾಗಿ ಸೊಂಡಿಲಿನಂತಿರುವ ಕಪ್ಪು ಹುಳುವನ್ನು ನೋಡದ ಮನೆಯಿಲ್ಲ. ಮೊರದಲ್ಲಿ ಹರಡಿ ಬಿಸಿಲಿಗಿಟ್ಟರೆ ಅವು ಅಂಚಿಗೆ ಓಡುತ್ತವೆ. ಕೇರಿದರೆ ಕೆಲವು ಹಾರಿ ಬೀಳುತ್ತವೆ, ಉಳಿದವನ್ನು ಬೆರಳಿನಲ್ಲಿ ಆರಿಸುತ್ತಾರೆ. ಅಲ್ಲಿಗೆ ಅಕ್ಕಿ ಶುದ್ಧವಾಯಿತೆಂದು ಮನಸ್ಸಿಗೆ ಸಮಾಧಾನ.

ಆದರೆ ಹೊರಗೆ ಹರಿದಾಡುವುದು ಕಥೆಯ ಕೊನೆಯ ಅಧ್ಯಾಯ ಮಾತ್ರ. ಹೆಣ್ಣು ಹುಳು ತನ್ನ ಸೊಂಡಿಲಿನಿಂದ ಅಕ್ಕಿಕಾಳಿನಲ್ಲಿ ಸಣ್ಣ ತೂತು ಕೊರೆದು, ಅದರೊಳಗೆ ಒಂದು ಮೊಟ್ಟೆಯಿಟ್ಟು, ಅಂಟಿನಂಥ ದ್ರವದಿಂದ ಬಾಯಿ ಮುಚ್ಚಿಬಿಡುತ್ತದೆ. ಆಮೇಲೆ ಕಾಳು ಹೊರಗಿನಿಂದ ಇಡಿಯಾಗಿಯೇ ಕಾಣುತ್ತದೆ. ಒಳಗೆ ಮರಿ ಹುಟ್ಟಿ, ಅಕ್ಕಿಯನ್ನೇ ತಿಂದು ಬೆಳೆದು, ಅಲ್ಲಿಯೇ ಕೋಶಾವಸ್ಥೆ ಕಳೆದು, ರೂಪ ಬದಲಿಸಿ ಹೊರಬರುವಾಗ ಮಾತ್ರ ತೂತು ಕಾಣಿಸುತ್ತದೆ. ಒಂದೊಂದು ಹೆಣ್ಣೂ ತನ್ನ ಆಯುಷ್ಯದಲ್ಲಿ ನೂರಾರು ಮೊಟ್ಟೆಯಿಡಬಲ್ಲದು. ಅಕ್ಕಿ ತೊಳೆಯುವಾಗ ತೇಲುವ ಕಾಳುಗಳನ್ನು ಹಿರಿಯರು ನೀರಿನೊಂದಿಗೆ ಚೆಲ್ಲುತ್ತಿದ್ದುದು ಸುಮ್ಮನಲ್ಲ. ಒಳಗೆ ಟೊಳ್ಳಾದ ಕಾಳು ಹಗುರ, ತೇಲುತ್ತದೆ. ಆದರೆ ಈಗಷ್ಟೇ ಮೊಟ್ಟೆಯೊಡೆದ ಮರಿಯಿರುವ ಕಾಳು ಮುಳುಗುತ್ತದೆ. ಮುಳುಗಿದ್ದು ಅನ್ನವಾಗುತ್ತದೆ.

ಕಡಲೆ, ಹೆಸರು, ಅಲಸಂದೆಗಳ ಕಥೆಯೂ ಇದೇ. ದುಂಬಿಯ ಮರಿ ಕಾಳಿನೊಳಗೇ ಬೆಳೆದು, ದುಂಡನೆಯ ಕಿಟಕಿ ಕೊರೆದು ಹೊರಬರುತ್ತದೆ. ಹಿಟ್ಟಿನ ಗಿರಣಿಗೆ ಹೋಗುವ ಅಕ್ಕಿ, ಗೋಧಿಯಲ್ಲಿ ಹೊರಗೆ ಕಾಣುವ ಹುಳುವನ್ನು ಆರಿಸಬಹುದು, ಒಳಗಿರುವುದನ್ನು ಆರಿಸುವ ಬೆರಳು ಇನ್ನೂ ಹುಟ್ಟಿಲ್ಲ. ಅದು ಗಿರಣಿಯ ಕಲ್ಲಿಗೆ ಸಿಕ್ಕಿ ಹಿಟ್ಟಿನೊಡನೆ ಹಿಟ್ಟಾಗುತ್ತದೆ. ಸಂಜೆ ರೊಟ್ಟಿಯಾಗಿ ತಟ್ಟೆಗೆ ಬರುತ್ತದೆ. ತಿಂದವರಿಗೆ ರುಚಿಯಲ್ಲೂ ಗೊತ್ತಾಗುವುದಿಲ್ಲ, ಹೊಟ್ಟೆಯಲ್ಲೂ ಗೊತ್ತಾಗುವುದಿಲ್ಲ.

ಕಾನೂನಿಗೆ ಗೊತ್ತಿರುವ ಗುಟ್ಟು

ಮನೆಯವರಿಗೆ ಗೊತ್ತಿಲ್ಲದಿದ್ದರೂ ಸರ್ಕಾರಗಳಿಗೆ ಇದು ಚೆನ್ನಾಗಿ ಗೊತ್ತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇದಕ್ಕಾಗಿಯೇ ಒಂದು ಕೈಪಿಡಿಯನ್ನು ಇಟ್ಟುಕೊಂಡಿದೆ. ಅದರ ಪ್ರಕಾರ 50 ಗ್ರಾಂ ಗೋಧಿಹಿಟ್ಟಿನಲ್ಲಿ ಸರಾಸರಿ 75 ಅಥವಾ ಅದಕ್ಕಿಂತ ಹೆಚ್ಚು ಹುಳುವಿನ ಚೂರುಗಳು ಸಿಕ್ಕರೆ ಅಧಿಕಾರಿಗಳು ಕ್ರಮ ಕೈಗೊಳ್ಳಬಹುದು. 100 ಗ್ರಾಂ ಚಾಕೊಲೇಟಿಗೆ ಈ ಗಡಿ 60 ಚೂರು. 100 ಗ್ರಾಂ ಕಡಲೆಕಾಯಿ ಬೆಣ್ಣೆಗೆ 30. ಕಾಫಿ ಬೀಜದಲ್ಲಿ ನೂರಕ್ಕೆ 10 ಬೀಜ ಹುಳು ಹೊಡೆದಿದ್ದರೆ ಆಗ ಕಾನೂನು ಎಚ್ಚರಗೊಳ್ಳುತ್ತದೆ. ಅಂಗಡಿಯ ಪ್ರತಿ ಪೊಟ್ಟಣದಲ್ಲೂ ಇಷ್ಟಿರುತ್ತದೆ ಎಂದಲ್ಲ. ಇದು ಮೇಲಿನ ಗಡಿ, ಸಾಮಾನ್ಯವಾಗಿ ಇರುವುದು ಇದಕ್ಕಿಂತ ಕಡಿಮೆ. ಆದರೆ ಹೊಲದಲ್ಲಿ ಬೆಳೆದ ಪದಾರ್ಥವನ್ನು ಹುಳುವಿನ ಸೋಂಕೇ ಇಲ್ಲದಂತೆ ಮಾಡುವುದು ಆಗದ ಮಾತು ಎಂಬ ಒಪ್ಪಿಗೆ ಆ ಅಂಕಿಗಳ ಹಿಂದಿದೆ.

ನಮ್ಮ ದೇಶದ ಕಾನೂನು ಇನ್ನೊಂದು ಜಾಣ ದಾರಿ ಹಿಡಿದಿದೆ. ಹುಳು ಹಾರಿಹೋಗಬಹುದು, ಕೇರಿ ಬಿಸಾಡಬಹುದು. ಆದರೆ ಅದು ತಿಂದು ಬಿಟ್ಟ ಗುರುತು ಹೋಗುವುದಿಲ್ಲ. ಹುಳುವಿನ ಹಿಕ್ಕೆಯಲ್ಲಿ ಯೂರಿಕ್ ಆಮ್ಲವಿರುತ್ತದೆ. ಧಾನ್ಯದ ಒಂದು ಕಿಲೋದಲ್ಲಿ ಈ ಆಮ್ಲ 100 ಮಿಲಿಗ್ರಾಂ ಮೀರಬಾರದೆಂದು ಆಹಾರ ಗುಣಮಟ್ಟದ ನಿಯಮ ಹೇಳುತ್ತದೆ. ಹುಳುವಿಲ್ಲದ ಅಕ್ಕಿಯಲ್ಲೂ ಹುಳುವಿನ ಚರಿತ್ರೆಯನ್ನು ಓದುವ ಉಪಾಯವಿದು. 100ನ್ನು ಮೀರಬಾರದು ಎಂದರೆ ಅದರೊಳಗೆ ಇದ್ದರೆ ನಡೆಯುತ್ತದೆ ಎಂದೇ ಅರ್ಥ!

ಇದನ್ನು ಓದಿ ಗಾಬರಿಯಾಗಬೇಕಾಗಿಲ್ಲ. ಬೆಂದ ಅನ್ನದಲ್ಲೋ ಸುಟ್ಟ ರೊಟ್ಟಿಯಲ್ಲೋ ಸೇರಿಹೋದ ಹುಳುವಿನ ಚೂರಿನಿಂದ ಸಾಮಾನ್ಯವಾಗಿ ಯಾರಿಗೂ ಕೆಡುಕಾಗುವುದಿಲ್ಲ. ಹಾಗೆಂದು ಹುಳು ಹಿಡಿದು, ಮುಗ್ಗಲು ವಾಸನೆ ಹೊಡೆದು, ಗಂಟುಗಟ್ಟಿದ ಧಾನ್ಯವನ್ನು ತಿನ್ನಬೇಕೆಂದೂ ಅಲ್ಲ. ಅಲ್ಲಿ ಅಪಾಯವಿರುವುದು ಹುಳುವಿಗಿಂತ ಅದರ ಜೊತೆಗೇ ಬೆಳೆಯುವ ಬೂಷ್ಟಿನಲ್ಲಿ.

ಕೆಂಪು ಬಣ್ಣ, ಹೊಳೆಯುವ ಮಿಠಾಯಿ

ಬಜಾರಿನಿಂದ ಹೊರಬಿದ್ದರೆ ಬೇಕರಿಗಳು. ಗಾಜಿನ ಪೆಟ್ಟಿಗೆಯೊಳಗೆ ಕೆಂಪು ಕೇಕು, ಪಕ್ಕದಲ್ಲಿ ಹೊಳೆಯುವ ಸಣ್ಣ ಮಿಠಾಯಿಗುಂಡುಗಳು. ಶಾಲೆ ಬಿಟ್ಟ ಮಕ್ಕಳು ಇವುಗಳ ಮುಂದೆಯೇ ನಿಲ್ಲುವುದು.

ಜಗತ್ತಿನ ಹಲವು ಕೆಂಪು ತಿಂಡಿಗಳ ಹಿಂದೆ ಒಂದು ಹುಳುವಿದೆ. ಮೆಕ್ಸಿಕೊ, ಪೆರು ದೇಶಗಳಲ್ಲಿ ಪಾಪಾಸುಕಳ್ಳಿಯ ಮೇಲೆ ಬೆಳೆಯುವ ಕೊಚಿನೀಲ್ ಎಂಬ ಪುಟ್ಟ ಕೀಟವದು. ಹೆಣ್ಣು ಹುಳುಗಳನ್ನು ಕೆರೆದು ತೆಗೆದು, ಒಣಗಿಸಿ, ಅರೆದು ತೆಗೆಯುವ ಬಣ್ಣಕ್ಕೆ ಕಾರ್ಮೈನ್ ಎಂದು ಹೆಸರು. ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಇದರ ಗುರುತು 120 ಎಂಬ ಸಂಖ್ಯೆ. ನಮ್ಮ ಊರಿನ ಬೇಕರಿಗಳ ಕೆಂಪು ಹೆಚ್ಚಾಗಿ ಕಾರ್ಖಾನೆಯ ಕೃತಕ ಬಣ್ಣ. ಅವುಗಳಲ್ಲಿ ಒಂದರ ಹೆಸರು ಕಾರ್ಮೊಸಿನ್, ಸಂಖ್ಯೆ 122. ಹೆಸರು ಕೇಳಿ ಎರಡನ್ನೂ ಒಂದೇ ಎಂದುಕೊಳ್ಳಬಾರದು. ಅಮೆರಿಕದ ಪ್ರಸಿದ್ಧ ಕಾಫಿ ಸಂಸ್ಥೆ ಸ್ಟಾರ್‌ಬಕ್ಸ್ ತನ್ನ ಸ್ಟ್ರಾಬೆರಿ ಪಾನೀಯಕ್ಕೆ ಈ ಹುಳುವಿನ ಬಣ್ಣ ಬಳಸುತ್ತಿದ್ದುದು 2012ರಲ್ಲಿ ಬಯಲಾದಾಗ ಸಸ್ಯಾಹಾರಿಗಳು ಎದ್ದು ನಿಂತರು. ಸಂಸ್ಥೆ ಆ ಬಣ್ಣವನ್ನೇ ಕೈಬಿಟ್ಟಿತು.

ಈ ಹುಳುವಿಗೂ ದಕ್ಷಿಣ ಭಾರತಕ್ಕೂ ಒಂದು ಹಳೆಯ ನಂಟಿದೆ. ಸ್ಪೇನಿನವರ ಕೈಯಲ್ಲಿದ್ದ ಲಾಭದ ಈ ವ್ಯಾಪಾರವನ್ನು ತಾವೂ ಮಾಡಬೇಕೆಂದು ಈಸ್ಟ್ ಇಂಡಿಯಾ ಕಂಪನಿ 1795ರಲ್ಲಿ ಬ್ರೆಜಿಲಿನಿಂದ ಹುಳುಗಳನ್ನು ಭಾರತಕ್ಕೆ ತರಿಸಿತು. ಬಂದದ್ದು ಬೇರೆಯೇ ಜಾತಿ. ಅದರಿಂದ ಹೇಳಿಕೊಳ್ಳುವಂಥ ಬಣ್ಣ ಬರಲಿಲ್ಲ, ಬದಲಿಗೆ ಅದು ಇಲ್ಲಿ ಹಬ್ಬಿದ್ದ ಒಂದು ಜಾತಿಯ ಪಾಪಾಸುಕಳ್ಳಿಯನ್ನೇ ತಿಂದು ಮುಗಿಸಿತು. ಕಳೆಯನ್ನು ಕೀಟದಿಂದ ನಿಯಂತ್ರಿಸಿದ ಮೊದಲ ಉದಾಹರಣೆಯೆಂದು ಕೀಟಶಾಸ್ತ್ರದ ಪುಸ್ತಕಗಳು ಇದನ್ನು ಈಗ ನೆನೆಯುತ್ತವೆ.

ಮಿಠಾಯಿಯ ಹೊಳಪಿನ ಕಥೆ ಇನ್ನೂ ಹತ್ತಿರದ್ದು. ಪಾಂಡವರನ್ನು ಸುಡಲು ಕಟ್ಟಿಸಿದ ಅರಗಿನ ಮನೆಯ ಕಥೆ ಮಕ್ಕಳಿಗೆಲ್ಲ ಗೊತ್ತು. ಆ ಅರಗು ಮರದ ಅಂಟಲ್ಲ. ಮುತ್ತುಗ, ಜಾಲಾರಿಯಂಥ ಮರಗಳ ಎಳೆಯ ಕೊಂಬೆಗೆ ಲಕ್ಷಗಟ್ಟಲೆ ಮುತ್ತಿಕೊಂಡು ರಸ ಹೀರುವ ಪುಟ್ಟ ಹುಳುಗಳು ತಮ್ಮ ಮೈಮೇಲೆ ಸ್ರವಿಸಿಕೊಳ್ಳುವ ಹೊದಿಕೆ. ಚನ್ನಪಟ್ಟಣದ ಬೊಂಬೆಗೆ ಬಣ್ಣ ಕೂರಿಸುವುದೂ ಈ ಅರಗೇ. ಇದನ್ನೇ ಶುದ್ಧಗೊಳಿಸಿದರೆ ಶೆಲ್ಲಾಕ್. ಮಿಠಾಯಿ, ಚಾಕೊಲೇಟ್ ಗುಂಡು, ಔಷಧದ ಗುಳಿಗೆ, ದೂರದಿಂದ ಬರುವ ಸೇಬುಗಳ ಹೊಳಪಿಗೆ ಇದನ್ನು ಬಳಸುತ್ತಾರೆ. ಸಂಖ್ಯೆ 904. ಇದರ ಸಂಶೋಧನೆಗೆಂದೇ ರಾಂಚಿಯ ಹತ್ತಿರ ನಾಮ್‌ಕುಮ್‌ನಲ್ಲಿ 1924ರಲ್ಲಿ ಸಂಸ್ಥೆಯೊಂದು ಹುಟ್ಟಿತು.

ಹಾಗಾದರೆ ಅರಗು ಸಸ್ಯಾಹಾರವೋ ಮಾಂಸಾಹಾರವೋ? ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ನಿರ್ಧರಿಸುವ ನಮ್ಮ ನಿಯಮಗಳು ಈ ಪ್ರಶ್ನೆಗೂ ಉತ್ತರ ಕೊಟ್ಟಿವೆ. ಪ್ರಾಣಿಮೂಲದ ಪದಾರ್ಥವಿದ್ದರೆ ಅದು ಮಾಂಸಾಹಾರ. ಆದರೆ ಹಾಲು, ಜೇನುತುಪ್ಪ, ಜೇನುಮೇಣ, ಅರಗುಗಳಿಗೆ ವಿನಾಯಿತಿಯುಂಟು. ಜೇನು ಹುಳುವಿನ ಬಾಯಿಂದ ಬಂದದ್ದು, ಅರಗು ಹುಳುವಿನ ಮೈಯಿಂದ ಬಂದದ್ದು. ಎರಡೂ ಹಸಿರು ಚುಕ್ಕೆಯ ಕೆಳಗೆ ನೆಮ್ಮದಿಯಾಗಿವೆ. ಗೆರೆ ಎಳೆದದ್ದು ನಿಸರ್ಗವಲ್ಲ, ಮನುಷ್ಯ.

ಹೊಂಬುಜದವರು ಎಳೆದ ಗೆರೆ

ಆ ಗೆರೆಯನ್ನು ಬೇರೆ ಕಡೆ ಎಳೆದವರೂ ಈ ಜಿಲ್ಲೆಯಲ್ಲೇ ಇದ್ದಾರೆ. ಹೊಸನಗರ ತಾಲ್ಲೂಕಿನ ಹೊಂಬುಜ, ಜನರ ಬಾಯಲ್ಲಿ ಹುಂಚ, ಸಾಂತರರ ಕಾಲದಿಂದಲೂ ಜೈನರ ದೊಡ್ಡ ಕ್ಷೇತ್ರ. ಜೈನ ಗೃಹಸ್ಥನಿಗೆ ಹೇಳಿದ ಮೂಲಗುಣಗಳಲ್ಲಿ ಮದ್ಯ, ಮಾಂಸಗಳ ಜೊತೆಗೆ ಜೇನನ್ನೂ ಬಿಡಬೇಕು, ಅತ್ತಿ, ಆಲ, ಅರಳಿಯ ಜಾತಿಯ ಐದು ಹಣ್ಣುಗಳನ್ನೂ ಬಿಡಬೇಕು. ಇದನ್ನೇ ಪಂಚೋದುಂಬರ ತ್ಯಾಗ ಎನ್ನುತ್ತಾರೆ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು, ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವುದು ಇದರ ಮುಂದುವರಿಕೆ. ದೀಪದ ಬೆಳಕಿಗೆ ಬಂದ ಹುಳು ತಟ್ಟೆಗೆ ಬೀಳುವುದನ್ನು ಕಂಡವರಿಗೆ ಈ ನಿಯಮದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಅತ್ತಿಯ ಹಣ್ಣನ್ನೇ ಏಕೆ ಆರಿಸಿದರು? ತುಂಗೆಯ ದಡದಲ್ಲಿ ಬಿದ್ದಿರುವ ಒಂದು ಕೆಂಪು ಅತ್ತಿಹಣ್ಣನ್ನು ಬಿಡಿಸಿ ನೋಡಿದರೆ ಗೊತ್ತಾಗುತ್ತದೆ. ಒಳಗೆ ಸಣ್ಣ ಸಣ್ಣ ಕಣಜಗಳು. ಹೊರಗೆ ಚೆಂದ, ಒಳಗೆ ಹುಳು ಎನ್ನಬೇಕಾದಾಗ ಕನ್ನಡಿಗರಿಗೆ ಮೊದಲು ನೆನಪಾಗುವುದು ಈ ಹಣ್ಣೇ. ಆದರೆ ಆ ಹುಳು ಹಣ್ಣನ್ನು ಕೆಡಿಸಲು ಬಂದದ್ದಲ್ಲ, ಹಣ್ಣು ಆಗಲು ಅದೇ ಕಾರಣ. ಅತ್ತಿಯ ಹೂಗಳು ಕಾಯಿಯಂತೆ ಕಾಣುವ ಬುರುಡೆಯ ಒಳಗೆ ಅರಳುತ್ತವೆ. ಅತ್ತಿಯ ಹೂವನ್ನು ಕಂಡವರಿಲ್ಲ ಎಂಬ ನಂಬಿಕೆ ಹುಟ್ಟಿದ್ದೇ ಇದರಿಂದ. ತುದಿಯ ಕಿರಿದಾದ ಕಂಡಿಯಿಂದ ಹೆಣ್ಣು ಕಣಜ ರೆಕ್ಕೆ ಮುರಿದುಕೊಂಡು ಒಳನುಗ್ಗುತ್ತದೆ, ತಂದ ಪರಾಗವನ್ನು ಹೂಗಳಿಗೆ ಮುಟ್ಟಿಸಿ, ಮೊಟ್ಟೆಯಿಟ್ಟು, ಅಲ್ಲಿಯೇ ಸಾಯುತ್ತದೆ. ಮುಂದಿನ ಪೀಳಿಗೆಯ ಗಂಡುಗಳಿಗೆ ರೆಕ್ಕೆಯೇ ಇಲ್ಲ. ಅವು ಹೆಣ್ಣುಗಳಿಗೆ ಹೊರದಾರಿ ಕೊರೆದುಕೊಟ್ಟು ತೀರಿಕೊಳ್ಳುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಅತ್ತಿ ಮತ್ತು ಕಣಜದ ಈ ಸಂಬಂಧವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲೇ ಜೈನ ಗುರುಗಳು ಹಣ್ಣನ್ನು ಬಿಡಿಸಿ ನೋಡಿದ್ದರು ಎಂಬುದು ಮೆಚ್ಚಬೇಕಾದ ಸಂಗತಿ. ಅಂಗಡಿಯ ಅಂಜೂರದ ಮಾತು ಬೇರೆ. ಅದರ ಹಲವು ತಳಿಗಳು ಕಣಜದ ಹಂಗಿಲ್ಲದೆಯೇ ಹಣ್ಣಾಗುತ್ತವೆ.

ಎಲೆ ಹೊಲಿಯುವ ಇರುವೆ

ಈಗ ಗೊತ್ತಿದ್ದೇ ತಿನ್ನುವವರ ಕಡೆಗೆ ಬರೋಣ. ಮಲೆನಾಡಿನ ಮಾವು, ಹಲಸು, ಗೇರುಮರಗಳ ಮೇಲೆ ಎಲೆಗಳನ್ನು ಚೆಂಡಿನಂತೆ ಸೇರಿಸಿ ಕಟ್ಟಿದ ಗೂಡುಗಳು ಕಾಣುತ್ತವೆ. ಕಟ್ಟುವವು ಚಗಳಿ ಇರುವೆಗಳು. ಕೆಲವು ಕಡೆ ಚಿಗಳಿ ಎಂದೂ ಹೇಳುತ್ತಾರೆ. ನಾಗರಪಂಚಮಿಗೆ ಮಾಡುವ ಎಳ್ಳು-ಬೆಲ್ಲದ ಚಿಗಳಿಗೂ ಇದಕ್ಕೂ ಹೆಸರಿನ ನಂಟು ಮಾತ್ರ. ಹಬ್ಬದ ಉಂಡೆಯೆಂದು ನಂಬಿ ಬಾಯಿ ತೆರೆದ ಪೇಟೆಯ ನೆಂಟನಿಗೆ ಕಾದಿರುವುದು ಬೆಲ್ಲದ ಸಿಹಿಯಲ್ಲ, ಕಣ್ಣಲ್ಲಿ ನೀರು ತರಿಸುವ ಹುಳಿ-ಖಾರ.

ಗೂಡು ಕಟ್ಟುವ ಬಗೆ ನೋಡುವಂಥದ್ದು. ಕೆಲಸದ ಇರುವೆಗಳು ಒಂದರ ಸೊಂಟವನ್ನು ಒಂದು ಹಿಡಿದು ಸರಪಳಿಯಾಗಿ ಎರಡು ಎಲೆಗಳನ್ನು ಹತ್ತಿರಕ್ಕೆ ಎಳೆಯುತ್ತವೆ. ಇನ್ನು ಕೆಲವು ಗೂಡಿನ ಮರಿಹುಳುಗಳನ್ನು ಬಾಯಲ್ಲಿ ಕಚ್ಚಿಕೊಂಡು ಬಂದು ಎಲೆಯ ಅಂಚಿನಿಂದ ಅಂಚಿಗೆ ಮುಟ್ಟಿಸುತ್ತವೆ. ಮರಿ ಸ್ರವಿಸುವ ರೇಷ್ಮೆಯೆಳೆಯೇ ದಾರ, ಮರಿಯೇ ಲಾಳಿ.

ಗೂಡು ಇಳಿಸುವುದು ಬೆಳಗಿನ ತಂಪಿನ ಕೆಲಸ. ಗೂಡಿರುವ ಟೊಂಗೆಯನ್ನು ಕಡಿದು ಚೀಲಕ್ಕೋ ಬಿಸಿನೀರಿನ ಪಾತ್ರೆಗೋ ಕೊಡವುತ್ತಾರೆ. ಎಷ್ಟೇ ಬೇಗ ಇಳಿಸಿದರೂ ಕತ್ತು, ಕಂಕುಳಲ್ಲಿ ನಾಲ್ಕು ಕಡಿತ ತಪ್ಪಿದ್ದಲ್ಲ. ಎಲೆ, ಕಸ ತೆಗೆದು, ಇರುವೆಯನ್ನೂ ಅದರ ಬಿಳಿಯ ಮೊಟ್ಟೆ-ಮರಿಗಳನ್ನೂ ಬಾಣಲೆಯಲ್ಲಿ ಹುರಿದು, ಉಪ್ಪು, ಸೂಜಿಮೆಣಸು, ಬೆಳ್ಳುಳ್ಳಿ, ಕೆಲವು ಮನೆಗಳಲ್ಲಿ ಕಾಯಿತುರಿಯೂ ಸೇರಿಸಿ ಒರಳಿನಲ್ಲಿ ಅರೆಯುತ್ತಾರೆ. ಗಂಜಿ, ಅಕ್ಕಿ ರೊಟ್ಟಿ, ಕಡುಬಿನ ಜೊತೆಗೆ ಅದು ಹೊಂದುತ್ತದೆ. ಹುಣಿಸೆ ಬೇಡ, ನಿಂಬೆ ಬೇಡ. ಹುಳಿಯನ್ನು ಇರುವೆಯೇ ತಂದಿರುತ್ತದೆ. ಅದು ಫಾರ್ಮಿಕ್ ಆಮ್ಲದ ಹುಳಿ. ಇಂಗ್ಲೆಂಡಿನ ಜಾನ್ ರೇ 1671ರ ಸುಮಾರಿಗೆ ಇರುವೆಗಳನ್ನು ಬಟ್ಟಿಯಿಳಿಸಿ ಈ ಆಮ್ಲವನ್ನು ಪಡೆದ. ಲ್ಯಾಟಿನ್ನಿನಲ್ಲಿ ಇರುವೆಗೆ ಫಾರ್ಮಿಕಾ ಎಂದೇ ಹೆಸರು. ನೆಗಡಿ, ಕೆಮ್ಮಿಗೆ ಈ ಚಟ್ನಿ ಮದ್ದೆಂಬುದು ಹಳ್ಳಿಯವರ ನಂಬಿಕೆ. ಕಟ್ಟಿದ ಮೂಗು ಇದರ ಘಾಟಿಗೆ ಬಿಟ್ಟುಕೊಳ್ಳುವುದಂತೂ ಅನುಭವ.

ಇದೇ ಜಾತಿಯ ಇರುವೆಯಿಂದ ಒಡಿಶಾದ ಮಯೂರ್‌ಭಂಜ್ ಜಿಲ್ಲೆಯ ಆದಿವಾಸಿಗಳು ಮಾಡುವ ‘ಕಾಯಿ’ ಚಟ್ನಿಗೆ 2024ರ ಜನವರಿಯಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಛತ್ತೀಸಗಡದ ಬಸ್ತರಿನಲ್ಲಿ ಅದು ಚಾಪ್ರಾ. ಮಲೆನಾಡಿನ ಒರಳುಕಲ್ಲಿನಲ್ಲಿ ಅರೆಯುತ್ತಿರುವುದು ಇದೇ ಇರುವೆಯನ್ನೇ.

ಬೆಂಕಿಪುರಕ್ಕೆ ಬಂದ ಈಸಲು

ಶಿವಮೊಗ್ಗದಿಂದ ಭದ್ರಾವತಿಗೆ ಇಪ್ಪತ್ತು ಕಿಲೋಮೀಟರಿನ ದಾರಿ. ತುಂಗೆಯ ಊರು ಬಿಟ್ಟು ಭದ್ರೆಯ ಊರು ಸೇರಿದಂತಾಯಿತು. ಹಿಂದೆ ಇದು ಬೆಂಕಿಪುರ. 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾಗಿ 1923ರಲ್ಲಿ ಕುಲುಮೆ ಹೊತ್ತಿಕೊಂಡಿತು. ಮಲೆನಾಡಿನ ಕಾಡಿನ ಮರವೇ ಅದಕ್ಕೆ ಇದ್ದಿಲಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರ ಕನಸಾಗಿದ್ದ ಆ ಕಾರ್ಖಾನೆಗೆ ಮುಂದೆ ಅವರದೇ ಹೆಸರು ಬಂತು. ಆಮೇಲೆ ಕಾಗದದ ಕಾರ್ಖಾನೆಯೂ ಬಂತು. ಕೆಲಸ ಹುಡುಕಿಕೊಂಡು ಕನ್ನಡದವರ ಜೊತೆಗೆ ತಮಿಳರು, ತೆಲುಗರು, ಮಲೆಯಾಳಿಗಳು ಬಂದು ನೆಲೆಸಿದರು. ಹಾಗಾಗಿ ಇಲ್ಲಿನ ಅಡಿಗೆಮನೆಗಳು ಹಲವು ಭಾಷೆಗಳಲ್ಲಿ ಮಾತಾಡುತ್ತವೆ.

ಆದರೆ ಒಂದು ಮಾತು ಮಾತ್ರ ಎಲ್ಲ ಮನೆಗಳಲ್ಲೂ ಹೆಚ್ಚುಕಡಿಮೆ ಒಂದೇ. ಬೇಸಿಗೆ ಮುಗಿದು ಮೊದಲ ಮಳೆ ಹೊಡೆದ ಸಂಜೆ, ಬೀದಿದೀಪದ ಸುತ್ತ ಮೋಡದಂತೆ ರೆಕ್ಕೆಹುಳುಗಳು ಏಳುತ್ತವೆ. ಕನ್ನಡದಲ್ಲಿ ಅವು ಈಸಲು ಅಥವಾ ಈಚಲುಹುಳು, ತಮಿಳಿನಲ್ಲಿ ಈಸಲ್, ತೆಲುಗಿನಲ್ಲಿ ಉಸಿಳ್ಳು. ಹೆಸರು ಇಷ್ಟು ಹಳೆಯದೆಂದರೆ ಅದರ ಪರಿಚಯವೂ ಅಷ್ಟೇ ಹಳೆಯದು.

ಇವು ಬೇರಾರೂ ಅಲ್ಲ, ಗೆದ್ದಲ ಮನೆಯ ವಧೂವರರು. ಹುತ್ತದೊಳಗೆ ಕತ್ತಲಲ್ಲೇ ಬೆಳೆದು, ಮಳೆಗೆ ಮಣ್ಣು ಮೆತ್ತಗಾದಾಗ ಒಮ್ಮೆಲೇ ಹೊರಬಂದು ಹಾರುತ್ತವೆ. ನೆಲಕ್ಕಿಳಿದು ರೆಕ್ಕೆ ಉದುರಿಸಿಕೊಂಡು, ಜೋಡಿಯಾಗಿ ಹೊಸ ಮನೆ ಕಟ್ಟಲು ಹೊರಡುತ್ತವೆ. ಕಾಗೆ, ಹಲ್ಲಿ, ಕಪ್ಪೆ, ಕೋಳಿಗಳ ಬಾಯಿ ತಪ್ಪಿಸಿಕೊಂಡು ಮನೆ ಕಟ್ಟುವ ಜೋಡಿ ಬೆರಳೆಣಿಕೆಯದು. ಮೈತುಂಬ ಕೊಬ್ಬು ತುಂಬಿಕೊಂಡಿರುವುದರಿಂದಲೇ ತಿನ್ನುವವರಿಗೆ ಅವು ಇಷ್ಟ.

ಹಿಡಿಯುವ ಉಪಾಯ ಸರಳ. ಹುತ್ತದ ಬಳಿ ಒಂದು ಗುಂಡಿ ತೋಡಿ, ಪಕ್ಕದಲ್ಲಿ ದೀಪವಿಟ್ಟರೆ ಬೆಳಕಿಗೆ ಬಂದವು ಗುಂಡಿಯಲ್ಲಿ ಬೀಳುತ್ತವೆ. ಬೆಳಿಗ್ಗೆ ರೆಕ್ಕೆಯನ್ನು ಮೊರದಲ್ಲಿ ಕೇರಿ ಹಾರಿಸಿ, ಬಾಣಲೆಯಲ್ಲಿ ಎಣ್ಣೆಯಿಲ್ಲದೆ ಹುರಿದರೆ ತನ್ನ ಕೊಬ್ಬಿನಲ್ಲೇ ಅದು ಗರಿಗರಿಯಾಗುತ್ತದೆ. ಉಪ್ಪು-ಖಾರ ಹಾಕಿ ಮಂಡಕ್ಕಿಯ ಜೊತೆ ಕಲಸಿದರೆ ಮಳೆಗಾಲದ ತಿಂಡಿ. ಮೊರದ ಈ ಎರಡನೆಯ ಉಪಯೋಗವನ್ನು ಗಮನಿಸಬೇಕು. ಒಂದು ಮನೆಯ ಮೊರ ಹುಳುವನ್ನು ಹೊರಗೆಸೆದು ಅಕ್ಕಿ ಉಳಿಸಿಕೊಳ್ಳುತ್ತದೆ, ಇನ್ನೊಂದು ಮನೆಯ ಮೊರ ರೆಕ್ಕೆಯನ್ನು ಎಸೆದು ಹುಳುವನ್ನು ಉಳಿಸಿಕೊಳ್ಳುತ್ತದೆ. ಅದೇ ಹುತ್ತದ ಮೇಲೆ ಮಳೆಗಾಲದಲ್ಲಿ ಏಳುವ ಅಣಬೆಯೂ ಗೆದ್ದಲು ಒಳಗೆ ಸಾಕಿದ ಬೂಷ್ಟಿನ ಹೂವೇ. ಈಸಲನ್ನು ಕಂಡು ಮೂಗು ಮುರಿಯುವ ಎಷ್ಟೋ ಮನೆಗಳಲ್ಲಿ ಆ ಅಣಬೆಯ ಸಾರಿಗೆ ಮಾತ್ರ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುತ್ತಾರೆ.

ಜಗತ್ತಿನ ಪಂಕ್ತಿ

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ ಸುಮಾರು 200 ಕೋಟಿ ಜನರ ಆಹಾರದಲ್ಲಿ ಕೀಟಗಳಿವೆ. ತಿನ್ನುವ ಜಾತಿಗಳ ಸಂಖ್ಯೆ 1,900ಕ್ಕೂ ಹೆಚ್ಚು. ಮೆಕ್ಸಿಕೊದ ವಹಾಕಾದಲ್ಲಿ ಹುರಿದ ಮಿಡತೆ, ಆಫ್ರಿಕದ ದಕ್ಷಿಣದಲ್ಲಿ ಮೊಪಾನೆ ಮರದ ಕಂಬಳಿಹುಳು, ಜಪಾನಿನಲ್ಲಿ ಸೋಯಾ ರಸದಲ್ಲಿ ಬೆಂದ ಗದ್ದೆಯ ಮಿಡತೆ, ಥಾಯ್ಲೆಂಡಿನಲ್ಲಿ ಸಾಕಿದ ಜೀರುಂಡೆ, ನಮ್ಮ ಅಸ್ಸಾಂ, ನಾಗಾಲ್ಯಾಂಡುಗಳಲ್ಲಿ ಎರಿ ರೇಷ್ಮೆಯ ಕೋಶದ ಹುಳು. ಬೈಬಲ್ಲಿನ ಸ್ನಾನಿಕ ಯೋಹಾನ ಮಿಡತೆ ಮತ್ತು ಕಾಡುಜೇನು ತಿಂದು ಬದುಕಿದವನು. ಇಸ್ಲಾಮಿನಲ್ಲೂ ಮಿಡತೆಗೆ ಅನುಮತಿಯುಂಟು. 2021ರಲ್ಲಿ ಯುರೋಪಿನ ಒಕ್ಕೂಟ ಒಣಗಿಸಿದ ಹಿಟ್ಟುಹುಳುವನ್ನು ಮನುಷ್ಯರ ಆಹಾರವೆಂದು ಒಪ್ಪಿತು. 2024ರಲ್ಲಿ ಸಿಂಗಾಪುರ 16 ಜಾತಿಯ ಕೀಟಗಳಿಗೆ ಹಸಿರು ನಿಶಾನೆ ತೋರಿತು. ಕಡಿಮೆ ಮೇವು, ಕಡಿಮೆ ನೀರು, ಕಡಿಮೆ ಜಾಗದಲ್ಲಿ ಸಸಾರಜನಕ ಸಿಗುತ್ತದೆಂಬುದು ಅವರ ಲೆಕ್ಕ. ಪಶ್ಚಿಮದವರು ಹೊಸದಾಗಿ ಕಲಿಯುತ್ತಿರುವ ಪಾಠ ತೀರ್ಥಹಳ್ಳಿಯ ಅಜ್ಜಿಯರಿಗೆ ಹಳೆಯದು.

ಎಚ್ಚರಿಕೆಯ ಒಂದು ಮಾತೂ ಇಲ್ಲಿಯೇ ಹೇಳಬೇಕು. ಏಡಿ, ಸೀಗಡಿಗಳೂ ಕೀಟಗಳೂ ದೂರದ ದಾಯಾದಿಗಳು. ಎರಡಕ್ಕೂ ಚಿಪ್ಪಿನ ಮೈ, ಕೀಲುಗಾಲು. ಸೀಗಡಿ ತಿಂದರೆ ಮೈ ದದ್ದರಿಸುವವರಿಗೆ ಕೀಟವೂ ಆಗದಿರಬಹುದು. ಔಷಧಿ ಹೊಡೆದ ತೋಟದ ಇರುವೆ, ಈಸಲನ್ನು ಯಾರೂ ಮುಟ್ಟಬಾರದು. ಗುರುತಿಲ್ಲದ ಹುಳುವಿನ ಮೇಲೆ ಮಕ್ಕಳು ಪ್ರಯೋಗ ಮಾಡಕೂಡದು.

ಬುತ್ತಿಯ ಡಬ್ಬಿ

ಇಷ್ಟೆಲ್ಲ ಲೆಕ್ಕಾಚಾರ ಯಾಕೆ ಎಂದು ಕೇಳಬಹುದು. ಶಿವಮೊಗ್ಗದ್ದೋ ಭದ್ರಾವತಿಯದೋ ಯಾವುದೇ ಶಾಲೆಯ ಮಧ್ಯಾಹ್ನದ ಗಂಟೆಯನ್ನು ಕಣ್ಮುಂದೆ ತಂದುಕೊಳ್ಳಿ. ಹಳ್ಳಿಯಿಂದ ಬಂದು ಹಾಸ್ಟೆಲ್ಲಿನಲ್ಲೋ ನೆಂಟರ ಮನೆಯಲ್ಲೋ ಉಳಿದ ಹುಡುಗನೊಬ್ಬ ಊರಿಂದ ತಂದ ಡಬ್ಬಿ ತೆರೆಯುತ್ತಾನೆ. ರೊಟ್ಟಿಯ ಪಕ್ಕದಲ್ಲಿ ಚಗಳಿ ಚಟ್ನಿ. ಪಕ್ಕದವನು ‘ಏನೋ ಅದು?’ ಎಂದು ಕೇಳುತ್ತಾನೆ. ಉತ್ತರ ಕೇಳಿದ ಮೇಲೆ ಇಡೀ ಸಾಲು ನಗುತ್ತದೆ. ಮರುದಿನದಿಂದ ಅವನಿಗೊಂದು ಅಡ್ಡಹೆಸರು. ಮುಂದಿನ ಸಲ ಅಮ್ಮ ಚಟ್ನಿ ಕಟ್ಟಲು ಹೋದರೆ ಅವನು ಬೇಡವೆನ್ನುತ್ತಾನೆ, ಕಾರಣ ಹೇಳುವುದಿಲ್ಲ. ಒಂದು ಅಡಿಗೆ ಸಾಯುವುದು ಹೀಗೆಯೇ. ಅದರ ಜೊತೆಗೆ ಯಾವ ಮರದಲ್ಲಿ, ಯಾವ ತಿಂಗಳಲ್ಲಿ, ಎಷ್ಟು ಗೂಡು ತೆಗೆದು ಎಷ್ಟು ಬಿಡಬೇಕು ಎಂಬ ತಿಳಿವಳಿಕೆಯೂ ಹೋಗುತ್ತದೆ. ನಕ್ಕ ಮಕ್ಕಳ ಕೈಯಲ್ಲಿ ಆಗ ಇದ್ದದ್ದು ಅರಗಿನಲ್ಲಿ ಹೊಳೆಯುವ ಮಿಠಾಯಿ ಎಂಬುದು ಅವರಿಗೂ ಗೊತ್ತಿಲ್ಲ, ಅವರ ತಾಯ್ತಂದೆಯರಿಗೂ ಗೊತ್ತಿಲ್ಲ.

ಹುಳುವಿನ ಮೇಲಿನ ಹೇಸಿಗೆಗೆ ಇನ್ನೂ ದೊಡ್ಡ ಬೆಲೆಯುಂಟು. ಬದನೆಕಾಯಿ ಹೆಚ್ಚುವಾಗ ಒಂದು ತೂತು ಕಂಡರೂ ಬೇಡ, ಅವರೆಕಾಯಿ ಸುಲಿಯುವಾಗ ಒಂದು ಹಸಿರು ಹುಳು ಹೊರಳಿದರೂ ಬೇಡ ಎಂದು ಕೊಳ್ಳುವವರು ಪಟ್ಟು ಹಿಡಿದರೆ ಬೆಳೆಯುವವನು ಏನು ಮಾಡಬೇಕು? ಔಷಧಿಯ ಡಬ್ಬಿಗೇ ಕೈ ಹಾಕಬೇಕು. ಬದನೆಯ ಕಾಯಿಕೊರಕವೊಂದಕ್ಕಾಗಿ ಕುಲಾಂತರಿ ತಳಿಯನ್ನೇ ತಯಾರಿಸಿ, ದೇಶವೆಲ್ಲ ಚರ್ಚೆ ನಡೆದು, 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅದಕ್ಕೆ ತಡೆ ಹಾಕಬೇಕಾಯಿತು. ಕನ್ನಡಿಗರು ಬಹಳವಾಗಿರುವ ಕಾಸರಗೋಡಿನ ಗೇರುತೋಟಗಳಲ್ಲಿ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು ಎರಡು ದಶಕಕ್ಕೂ ಹೆಚ್ಚು ಕಾಲ, 2000ದ ವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಆ ಊರುಗಳ ಮಕ್ಕಳು ಅನುಭವಿಸಿದ್ದು ಜಗತ್ತಿಗೇ ಗೊತ್ತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ತಡೆಯಿತು. ಗೇರುಮರದ ಮೇಲೆ ಆ ಟೀ ಸೊಳ್ಳೆಯನ್ನು ಬೇಟೆಯಾಡುವ ಜೀವಿಗಳಲ್ಲಿ ಮುಖ್ಯವಾದದ್ದು ಯಾವುದು? ಇದೇ ಚಗಳಿ. ಚೀನಾದ ರೈತರು ಕಿತ್ತಳೆ ಜಾತಿಯ ಮರಗಳ ಕಾವಲಿಗೆ ಇವುಗಳ ಗೂಡನ್ನು ಕೊಂಡು ತಂದು ಕಟ್ಟುತ್ತಿದ್ದರೆಂದು ಕ್ರಿ.ಶ. 304ರಷ್ಟು ಹಿಂದಿನ ಬರಹವೊಂದು ಹೇಳುತ್ತದೆ. ಹಣ ಕೇಳದ ಕಾವಲುಗಾರನನ್ನು ಮರದ ಮೇಲೆಯೇ ಇಟ್ಟುಕೊಂಡು ನಾವು ಆಕಾಶದಿಂದ ವಿಷ ಸುರಿದೆವು. ಹುಳುವಿನ ಚೂರು ಹೊಟ್ಟೆಯಲ್ಲಿ ಅರಗುತ್ತದೆ. ವಿಷ ಅರಗುವುದಿಲ್ಲ.

ಶಿವಮೊಗ್ಗದ ನವಿಲೆಯ ಕೃಷಿ ಕಾಲೇಜಿನಲ್ಲಿ ಕೀಟಶಾಸ್ತ್ರ ಒಂದು ಪಾಠ. ಅಲ್ಲಿಗೆ ಓದಲು ಹೋಗುವ ಮಗು ಕೀಟವನ್ನು ಶತ್ರುವೆಂದು ಮಾತ್ರ ತಿಳಿದು ಹೋಗಬೇಕಾಗಿಲ್ಲ. ಹಾಗೆಂದು ಎಲ್ಲರೂ ಚಗಳಿ ತಿನ್ನಬೇಕೆಂದೇನೂ ಅಲ್ಲ. ತಿನ್ನುವುದು, ಬಿಡುವುದು ಅವರವರ ಮನೆಯ ಪದ್ಧತಿ, ಅವರವರ ಮನಸ್ಸು. ಹುಂಚದ ಶ್ರಾವಕ ಅತ್ತಿಹಣ್ಣನ್ನು ಬಿಟ್ಟ, ಆದರೆ ಬಿಡಿಸಿ ನೋಡಿ, ತಿಳಿದು ಬಿಟ್ಟ. ತೀರ್ಥಹಳ್ಳಿಯ ಅಜ್ಜಿ ಇರುವೆಯನ್ನು ತಿಂದಳು, ತಿಳಿದೇ ತಿಂದಳು. ನಡುವೆ ಇರುವ ಉಳಿದವರು ತಿಳಿಯದೆ ತಿಂದು, ತಿಳಿದು ತಿಂದವರನ್ನು ನೋಡಿ ನಗುತ್ತಾರೆ.

ಗಾಂಧಿ ಬಜಾರಿನಿಂದ ತಂದ ಅಕ್ಕಿ ಸಂಜೆ ಮನೆಯ ಮೊರಕ್ಕೆ ಬೀಳುತ್ತದೆ. ಅಮ್ಮ ಕೇರುತ್ತಾಳೆ, ಮಗಳು ಪಕ್ಕದಲ್ಲಿ ಕುಳಿತು ಆರಿಸುತ್ತಾಳೆ. ಕಂಡದ್ದನ್ನು ಆರಿಸಿ ಹೊರಗೆ ಹಾಕಿದ್ದಾಯಿತು. ಕಾಣದ್ದು ಅನ್ನದ ಜೊತೆಗೆ ಬೇಯುತ್ತದೆ, ಎಂದಿನ ಹಾಗೆ. ಹೊರಗೆ ಮಳೆಯ ಮೊದಲ ಹನಿ ಬಿದ್ದು, ಬೀದಿದೀಪದ ಸುತ್ತ ಒಂದೊಂದಾಗಿ ಈಸಲು ಏಳತೊಡಗುತ್ತವೆ. ಪಕ್ಕದ ಮನೆಯಲ್ಲಿ ಯಾರೋ ಬಾಣಲೆ ಒಲೆಗಿಡುತ್ತಾರೆ.